ಕಾಲಿಂಚು ಸಡಿಲ

ಸೀಗೆಹಟ್ಟಿ, ಶಿವಮೊಗ್ಗ
10-8-2025

ರಂಗಪ್ಪನಿಗೆ,

ನನ್ನ ಕೈಯಲ್ಲಿ ಕಾಗದ ಬರೆಸುವ ಸ್ಥಿತಿ ತಂದಿಟ್ಟೆಯಲ್ಲ, ನಿನಗೆ ಬುದ್ಧಿ ಇದೆಯೇನಯ್ಯ? ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು ನಾನು. ನನ್ನ ಹಿಟ್ಟಿನ ಗಿರಣಿಯ ಬಾಗಿಲಿಗೆ ‘ಹಸಿ ರಾಗಿ ತರಬಾರದು’ ಎಂದು ಬರೆದದ್ದೇ ನನ್ನ ಜನ್ಮದ ದೊಡ್ಡ ಬರವಣಿಗೆ. ಇನ್‌ಲ್ಯಾಂಡ್ ಲೆಟರ್ ಕೊಡಿ ಎಂದರೆ ಪೋಸ್ಟಾಫೀಸಿನ ಹುಡುಗಿ ಒಂದು ಸಲ ನನ್ನ ಮುಖ ನೋಡಿ, ಒಳಗೆ ಹೋಗಿ ಹುಡುಕಿ ತಂದಳು. ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ. ಬೆರಳು ಜೋಮು ಹಿಡಿದಿದೆ. ಹೊರಗೆ ಡಬ್ಬಿ ಹಿಡಿದು ನಿಂತ ಹೆಂಗಸರು ಬೈಯುತ್ತಿದ್ದಾರೆ.

ಮತ್ತೇನು ಮಾಡಲಿ? ಮೇ ತಿಂಗಳಲ್ಲಿ ಡಾಕ್ಟರು ನಿನ್ನ ಗಂಟಲಿನ ಮಾತಿನ ಪೆಟ್ಟಿಗೆಯನ್ನೇ ತೆಗೆದ ಮೇಲೆ, ಫೋನು ಮಾಡಿದರೆ ನಾನೊಬ್ಬನೇ ಮಾತಾಡಬೇಕು. ನೀನು ಮೆಸೇಜು ಕಳಿಸಿದರೆ ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಬರುತ್ತದೆ. ಎದುರು ಕೂತು ಕೇಳೋಣವೆಂದರೆ ನೀನು ಬಾಗಿಲು ತೆಗೆಯುವುದಿಲ್ಲ. ಜುಲೈನಲ್ಲಿ ಭದ್ರಾವತಿಗೆ ಬಂದಿದ್ದೆ, ನೆನಪಿರಬೇಕು. ಹಗಲು ಹನ್ನೊಂದು ಗಂಟೆಗೆ ಕಾಳಮ್ಮ ಬಾಗಿಲಲ್ಲಿ ನಿಂತು, “ಮಲಗಿದಾರೆ ಓಂಕಾರಣ್ಣ” ಅಂದಳು. ಅವಳ ಹಿಂದೆ ಪರದೆಯ ಕೆಳಗೆ ನಿನ್ನ ಎರಡೂ ಪಾದ ಕಾಣುತ್ತಿದ್ದವು. ನಿಂತುಕೊಂಡು ನಿದ್ದೆ ಮಾಡುವುದು ಕುದುರೆ. ನೀನು ಯಾವಾಗಿನಿಂದ ಕುದುರೆಯಾದೆ? ನಿನ್ನ ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಪಾಪ, ಬೆವರುತ್ತಿದ್ದಳು. ನೀರು ಕುಡಿದು ಹೊರಟೆ.

ಈಗ ನಿನ್ನೆಯ ವಿಷಯ. ನಿನ್ನ ಮಗ ಆನಂದ ನಮ್ಮ ಬುಲೆಟ್ಟನ್ನು ಗೂಡ್ಸ್ ಆಟೋದಲ್ಲಿ ಹಗ್ಗ ಬಿಗಿದು ತಂದು ಗಿರಣಿಯ ಮುಂದೆ ಇಳಿಸಿದ. ಗಾಡಿಯ ಎಡಗಡೆಯ ಹೊಟ್ಟೆ ಬಿಚ್ಚಿದೆ. ಬಿಚ್ಚಿದ ಸಾಮಾನು ಪೇಂಟ್ ಡಬ್ಬಿಯಲ್ಲಿದೆ. ಜೊತೆಗೆ ನಿನ್ನ ಚೀಟಿ: ‘ಇನ್ನು ಮೇಲೆ ನೀನೇ ಇಟ್ಟುಕೋ. ಎಂಜಿನ್ ಚೈನಿನ ಹೊಸ ಟೆನ್ಷನರ್ ಡಬ್ಬಿಯಲ್ಲಿದೆ, ಹಾಕಿಸಿಕೋ.’ ಅಷ್ಟೇ.

ಗಾಡಿ ಇಬ್ಬರದು. ಒಬ್ಬೊಬ್ಬರಿಗೆ ಕೊಳ್ಳಲಾಗದೆ ಜೊತೆಗೂಡಿ ಕೊಂಡದ್ದು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿವರೆಗೆ ಒಬ್ಬನ ಮನೆಯಲ್ಲಿರಬೇಕು. ಕೊಡುವವನು ತಾನೇ ಓಡಿಸಿಕೊಂಡು ಬಂದು, ಎಂಜಿನ್ ಆರಿಸದೆ ಇನ್ನೊಬ್ಬನ ಕೈಗೆ ಕೊಡಬೇಕು. ಈ ನಿಯಮ ಮಾಡಿದವನು ನೀನೇ. ಈ ಯುಗಾದಿಗೆ ನಾನು ಹಾಗೇ ತಂದುಕೊಟ್ಟೆ. ಶ್ರಾವಣದಲ್ಲಿ ಸತ್ತ ಎಮ್ಮೆಯನ್ನು ಸಾಗಿಸಿದ ಹಾಗೆ ವಾಪಸು ಕಳಿಸುವುದು ಯಾವ ನಿಯಮ? ಮೂವತ್ತು ವರ್ಷ ಕಾರ್ಖಾನೆಯ ಯಂತ್ರ ಬಿಚ್ಚಿ ಕಟ್ಟಿದ ಫಿಟ್ಟರು ನೀನು. ಅರ್ಧ ಗಂಟೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟೆಯಲ್ಲ, ಯಾಕೆ? ನಿನಗೆ ನನ್ನ ಮೇಲೆ ಸಿಟ್ಟೋ, ಗಾಡಿಯ ಮೇಲೋ? ನನಗೆ ಒಂದೂ ಅರ್ಥವಾಗುತ್ತಿಲ್ಲ.

ನಿನ್ನ ಅರ್ಧ ಪಾಲು ನನಗೆ ಬೇಡ. ನೀನು ಮನೆಯಿಂದ ಹೊರಗೆ ಬರಬೇಕು, ನನಗೆ ಬೇಕಾದದ್ದು ಅದು. ಕಾರ್ಖಾನೆಯ ಗೇಟ್ ಮೀಟಿಂಗಿನಲ್ಲಿ ಮೈಕ್ ಇಲ್ಲದೆ ಮಾತಾಡುತ್ತಿದ್ದವನು ಪರದೆಯ ಹಿಂದೆ ನಿಲ್ಲುತ್ತಾನೆ ಎಂದರೆ ನಾನು ಒಪ್ಪುವವನಲ್ಲ. ಮೊದಲು ಗಾಡಿ ಎದ್ದು ನಿಲ್ಲಲಿ. ನಮ್ಮ ಬೀದಿಯ ಮೆಕ್ಯಾನಿಕ್ ಚಂದ್ರು ಡಬ್ಬಿಯೊಳಗೆ ಇಣುಕಿ, “ಮುದುಕನ ಗಾಡಿಗೆ ಮುದುಕರೇ ಕೈ ಹಾಕ್ಬೇಕು, ನಂಗ್ ಗೊತ್ತಿಲ್ಲ” ಅಂದು ಹೋದ. ನಾನೇ ಹಾಕುತ್ತೇನೆ. ಯಾವುದು ಎಲ್ಲಿ ಕೂರಬೇಕು ಬರಿ.

ಸಿಟ್ಟಿನಲ್ಲಿರುವ
ಓಂಕಾರಪ್ಪ


ಹುತ್ತಾ ಕಾಲೋನಿ, ಭದ್ರಾವತಿ
18-8-2025

ಓಂಕಾರ,

ನಿನ್ನ ಅಕ್ಷರ ಓದಲು ಕನ್ನಡಕದ ಮೇಲೆ ಭೂತಗನ್ನಡಿ ಇಡಬೇಕಾಯಿತು. ಕೇಳಿದ್ದಕ್ಕೆ ಉತ್ತರ ಬರೆದಿದ್ದೇನೆ.

ಎಡಗಡೆ ಬಿಚ್ಚಿದ ಡಬ್ಬದೊಳಗೆ ಮುಂದೆ ಸಣ್ಣ ಹಲ್ಲಿನ ಚಕ್ರ ಇದೆ, ಅದು ಎಂಜಿನ್ನಿನದು. ಹಿಂದೆ ದೊಡ್ಡದು ಇದೆ, ಅದು ಕ್ಲಚ್ಚಿನದು. ಎರಡನ್ನೂ ಸುತ್ತಿರುವ ಜೋಡಿ ಸಾಲಿನ ಸರಪಳಿಯೇ ಪ್ರೈಮರಿ ಚೈನ್. ಹಿಂದಿನ ಗಾಲಿಗೆ ಹೋಗುವ ಚೈನು ಬೇರೆ, ಅದನ್ನು ಮುಟ್ಟಬೇಡ. ಡಬ್ಬಿಯಲ್ಲಿ ಬಾಳೆಕಾಯಿಯ ಹಾಗೆ ಬಾಗಿದ ಪಟ್ಟಿ ಇದೆಯಲ್ಲ, ಅದೇ ಟೆನ್ಷನರ್. ಅದು ಚೈನಿನ ಕೆಳಸಾಲಿನ ಅಡಿಯಲ್ಲಿ ಕೂರುತ್ತದೆ. ಒಂದು ತುದಿ ಗೂಟದ ಮೇಲೆ ತಿರುಗುತ್ತದೆ, ಇನ್ನೊಂದು ತುದಿಯನ್ನು ಸ್ಕ್ರೂ ಮೇಲಕ್ಕೆ ಒತ್ತುತ್ತದೆ. ಸ್ಕ್ರೂ ತಿರುಗಿಸಿದ ಹಾಗೆ ಪಟ್ಟಿ ಎದ್ದು ಚೈನು ಬಿಗಿಯಾಗುತ್ತದೆ. ಮೇಲಿನ ಸಾಲನ್ನು ನಡುವೆ ಬೆರಳಿನಿಂದ ಎತ್ತಿ ಒತ್ತಿ ನೋಡು. ಕಾಲಿಂಚು ಆಡಬೇಕು. ಅಲ್ಲಿಗೆ ಸ್ಕ್ರೂ ಅಲುಗದಂತೆ ಹಿಡಿದು ಅದರ ಲಾಕ್ ನಟ್ ಬಿಗಿ. ಮುಚ್ಚಳದ ರಬ್ಬರ್ ಕೂರಿಸಿ, ನಡುವಿನ ದೊಡ್ಡ ನಟ್ ಹಾಕು. ಬ್ರೇಕ್ ಪೆಡಲು, ಫುಟ್‌ರೆಸ್ಟು ಕೊನೆಗೆ.

ನಾನು ಹೊರಗೆ ಬರುವ ಮಾತು ಎತ್ತಬೇಡ. ಗಾಡಿ ನಿನ್ನದು.

ರಂಗ


ಶಿವಮೊಗ್ಗ
27-8-2025

ರಂಗಪ್ಪನಿಗೆ,

ನೀನು ಬರೆದದ್ದನ್ನೆಲ್ಲ ಮಾಡಿದೆ. ನೀನು ಬರೆದದ್ದಕ್ಕಿಂತ ಚೆನ್ನಾಗಿಯೇ ಮಾಡಿದೆ. ಆದರೂ ಗಾಡಿ ಊಳಿಡುತ್ತಿದೆ. ಯಾಕೆ?

ಪಟ್ಟಿ ಕೂರಿಸಲು ಕಷ್ಟವಾಗಲಿಲ್ಲ. ಗೂಟ ಸಿಕ್ಕಿತು, ಸ್ಕ್ರೂ ಸಿಕ್ಕಿತು. ಕಾಲಿಂಚು ಆಡಬೇಕು ಎಂದು ಬರೆದಿದ್ದೀಯಲ್ಲ, ಅದು ಮಾತ್ರ ನಿನ್ನ ಕೈತಪ್ಪಿನಿಂದ ಬಂದದ್ದು ಅಂದುಕೊಂಡೆ. ಆಸ್ಪತ್ರೆಯಿಂದ ಬಂದವನು, ಏನೋ ಬರೆಯಲು ಹೋಗಿ ಏನೋ ಬರೆದಿದ್ದಾನೆ. ನಲವತ್ತು ವರ್ಷ ಗಿರಣಿ ನಡೆಸಿದವನಿಗೆ ಸಡಿಲ ಅಂದರೆ ಏನು ಅಂತ ನೀನು ಹೇಳಿಕೊಡಬೇಕಾ? ಬೆಲ್ಟ್ ಸಡಿಲವಾದರೆ ಕಲ್ಲು ನಿಧಾನವಾಗುತ್ತದೆ, ಹಿಟ್ಟು ತರಿತರಿ ಬೀಳುತ್ತದೆ, ಹೆಂಗಸರು ಡಬ್ಬಿ ವಾಪಸು ತರುತ್ತಾರೆ. ಅದಕ್ಕೇ ಸ್ಕ್ರೂ ನಿಲ್ಲುವವರೆಗೂ ತಿರುಗಿಸಿದೆ. ಚೈನು ಕಡ್ಡಿಯ ಹಾಗೆ ನಿಂತಿತು. ಬಡಿದರೆ ಟಣ್ ಅನ್ನುತ್ತಿತ್ತು.

ಇನ್ನೊಂದು. ಚೈನಿಗೆಲ್ಲ ಜಿಡ್ಡು ಎಣ್ಣೆ ಅಂಟಿತ್ತು. ನೀನು ಎಲ್ಲಿ ಚೆಲ್ಲಿದೆಯೋ ಏನೋ. ಎಣ್ಣೆ ಬಿದ್ದ ಬೆಲ್ಟ್ ಜಾರುತ್ತದೆ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಗಾಡಿ ಇಟ್ಟು ಒಣಗಿಸಿ, ಬೆಲ್ಟಿಗೆ ಹಾಕುವ ರಾಳದ ಪುಡಿಯನ್ನು ಎರಡೂ ಸಾಲಿಗೆ ಉದುರಿಸಿದೆ. ಹಿಡಿತ ಬರಲಿ ಎಂದು.

ಕಿಕ್ ಹೊಡೆದೆ. ಮೂರನೆಯದಕ್ಕೆ ಎದ್ದಿತು. ಎದ್ದ ಕೂಡಲೇ ಹಂದಿ ಕುಯ್ದ ಹಾಗೆ ಶಬ್ದ. ರಾಗಿ ಬೀಸಿಸಲು ಬಂದವರೆಲ್ಲ ಕಿವಿ ಮುಚ್ಚಿಕೊಂಡು ಬೀದಿಗೆ ಬಂದರು. ಸುಟ್ಟ ವಾಸನೆ ಬೇರೆ. ಸುಭದ್ರ ಅಡುಗೆಮನೆಯಿಂದಲೇ, “ರೀ, ಆ ಗಾಡಿ ಯಾರನ್ನೋ ಕರೀತಿದೆ, ಕೇಳ್ರಿ ಯಾರನ್ನ ಅಂತ” ಅಂದಳು. ಹೆಂಗಸರು ನಕ್ಕರು. ಆರಿಸಿ ಒಳಗೆ ನೂಕಿದೆ.

ಒಣಗಿದೆ, ಬಿಗಿಯಾಗಿದೆ, ಹಿಡಿತ ಇದೆ. ಇನ್ನೇನು ಬೇಕು ಅದಕ್ಕೆ? ನೀನು ಬಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಬರುವುದಿಲ್ಲ, ಗೊತ್ತು. ಬರಿ.

ಓಂಕಾರಪ್ಪ


ಭದ್ರಾವತಿ
3-9-2025

ಓಂಕಾರ,

ನಿನ್ನ ಕಾಗದ ಓದಿ ನಕ್ಕೆ. ಆಪರೇಷನ್ ಆದ ಮೇಲೆ ಮೊದಲ ಸಲ. ಈಗ ನನಗೆ ನಗುವಿಗೆ ಸದ್ದಿಲ್ಲ. ಕತ್ತಿನ ತೂತಿನಿಂದ ಗಾಳಿ ಪುಸ್ ಪುಸ್ ಅಂತ ಬರುತ್ತದೆ, ಮೈ ಅಲುಗುತ್ತದೆ, ಅಷ್ಟೇ. ಕಾಳಮ್ಮ ನನಗೆ ಉಸಿರು ಕಟ್ಟಿತು ಎಂದು ಹೆದರಿ ಬೆನ್ನಿಗೆ ಗುದ್ದಿದಳು. ಕಾಗದ ತೋರಿಸಿದೆ. ರಾಳದ ಪುಡಿಯವರೆಗೆ ಓದಿ ಅವಳೂ ಸೆರಗು ಬಾಯಿಗೆ ಇಟ್ಟುಕೊಂಡಳು.

ಲೋ ಹಿಟ್ಟಿನ ಮುಂಡೇದೆ, ಅದು ಬೆಲ್ಟ್ ಅಲ್ಲ. ಬೆಲ್ಟ್ ಅಂಟಿಕೊಂಡು ಎಳೆಯುತ್ತದೆ, ಅದಕ್ಕೆ ಒಣಗಿರಬೇಕು, ಬಿಗಿ ಇರಬೇಕು. ಚೈನು ಹಲ್ಲಿನಲ್ಲಿ ಕಚ್ಚಿಕೊಂಡು ಎಳೆಯುತ್ತದೆ. ಹಲ್ಲಿದ್ದವನಿಗೆ ಅಂಟು ಯಾಕೆ ಬೇಕು? ಎಂಜಿನ್ ಕಾದಾಗ ಎಲ್ಲವೂ ಒಂದಿಷ್ಟು ಹಿಗ್ಗುತ್ತದೆ, ಆಗ ಚೈನಿಗೆ ಹೋಗಲು ಜಾಗ ಬೇಕು. ಅದಕ್ಕೆ ಕಾಲಿಂಚು. ಜಾಗ ಕೊಡದಿದ್ದರೆ ಅದು ಬೇರಿಂಗನ್ನು ತಿನ್ನುತ್ತದೆ. ಎಣ್ಣೆ ನಾನು ಚೆಲ್ಲಿದ್ದಲ್ಲ. ಆ ಡಬ್ಬದ ತಳದಲ್ಲಿ ಎಣ್ಣೆ ನಿಂತೇ ಇರಬೇಕು, ಚೈನು ಅದರಲ್ಲಿ ಮುಳುಗಿ ಏಳುತ್ತಾ ತಿರುಗಬೇಕು. ಎಣ್ಣೆ ತುಂಬು ಎಂದು ನಾನು ಬರೆಯಲಿಲ್ಲ. ಅದನ್ನೂ ಬರೆಯಬೇಕು ಎಂದು ನನಗೆ ಹೊಳೆಯಲಿಲ್ಲ.

ಪೂರ್ತಿ ಬಿಚ್ಚು. ರಾಳ ಒಂದು ಚೂರೂ ಉಳಿಯದಂತೆ ಪೆಟ್ರೋಲಿನಲ್ಲಿ ತೊಳೆ. ಪಟ್ಟಿಯ ಮೇಲೆ ಗೆರೆ ಬಿದ್ದಿದೆಯಾ ನೋಡು, ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಬೇರೆ ತರಬೇಕು. ಚೈನಿಗೆ ಕಾಲಿಂಚು ಬಿಡು. ಮುಚ್ಚಳ ಹಾಕಿದ ಮೇಲೆ, ಮೇಲಿನ ತೂತಿನಿಂದ ಎಂಜಿನ್ ಆಯಿಲ್ ಹೊಯ್ಯಿ. ಪಕ್ಕದಲ್ಲಿ ಅಳತೆಯ ಸಣ್ಣ ಸ್ಕ್ರೂ ಇದೆ, ಅದನ್ನು ಬಿಚ್ಚಿಟ್ಟುಕೊಂಡಿರು. ಅಲ್ಲಿಂದ ಎಣ್ಣೆ ಹೊರಗೆ ಬಂದ ಕೂಡಲೇ ನಿಲ್ಲಿಸಿ ಮುಚ್ಚು.

ಕಿಕ್ ಮೂರನೆಯದಕ್ಕೆ ಎದ್ದಿತು ಎಂದು ಬರೆದಿದ್ದೀಯ. ಒಳ್ಳೆಯದಾಯಿತು.

ರಂಗ


ಶಿವಮೊಗ್ಗ
15-9-2025

ರಂಗಪ್ಪನಿಗೆ,

ಮುಂಡೇದೆ ಎಂದು ಬರೆದಿದ್ದೀಯ. ಬರೆಯುವಾಗ ನಿನಗೆ ಎಷ್ಟು ಖುಷಿಯಾಗಿರಬೇಕು ಎಂದು ಅಕ್ಷರದಲ್ಲೇ ಗೊತ್ತಾಗುತ್ತದೆ, ಆ ಪದ ಒಂದೇ ದೊಡ್ಡದಾಗಿದೆ. ಇರಲಿ.

ತೊಳೆದೆ. ಪಟ್ಟಿಯ ಮೇಲೆ ಗೆರೆ ಬಿದ್ದಿದೆ, ಉಗುರು ಸಿಕ್ಕುವುದಿಲ್ಲ. ಕಾಲಿಂಚು ಬಿಟ್ಟೆ, ನನಗೆ ಮನಸ್ಸಿಲ್ಲದಿದ್ದರೂ ಬಿಟ್ಟೆ. ಲಾಕ್ ನಟ್ ಬಿಗಿದೆ. ಎಣ್ಣೆ ಹೊಯ್ದೆ. ಕೈಯಾರೆ ಎಣ್ಣೆ ಹೊಯ್ಯುವಾಗ ನನ್ನ ಹೊಟ್ಟೆ ಉರಿಯಿತು. ಬೆಲ್ಟಿಗೆ ಎಣ್ಣೆ ಬಿತ್ತು ಎಂದು ನಾನು ಎಷ್ಟು ಆಳುಗಳನ್ನು ಬೈದಿದ್ದೇನೆ ನಿನಗೆ ಗೊತ್ತಿಲ್ಲ.

ಗಾಡಿ ಎದ್ದಿತು. ಊಳು ಇಲ್ಲ, ಸರಿ. ಗೋಪಿ ಸರ್ಕಲ್ಲಿನವರೆಗೆ ಹೋಗಿ ಬಂದೆ. ಈಗ ಹೊಸದೊಂದು ಶುರುವಾಗಿದೆ. ಕುಯ್ಯ್ ಅನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಕುಯ್ಯ್ ಅನ್ನುತ್ತದೆ, ಮತ್ತೆ ಸುಮ್ಮನಾಗುತ್ತದೆ. ಮುಚ್ಚಳ ಬಿಚ್ಚಿ ನೋಡಿದರೆ ಚೈನು ಬಿಗಿ. ನಾನು ಕಾಲಿಂಚು ಬಿಟ್ಟದ್ದು ಎಲ್ಲಿ ಹೋಯಿತು? ಸ್ಕ್ರೂ ಇದ್ದಲ್ಲೇ ಇದೆ, ಲಾಕ್ ನಟ್ ಅಲುಗಿಲ್ಲ. ಸಡಿಲ ಮಾಡಿ ಮುಚ್ಚಿದೆ. ಮಾರನೆಯ ದಿನ ಬಿಚ್ಚಿದರೆ ನೇತಾಡುವಷ್ಟು ಸಡಿಲ. ಬಿಗಿ ಮಾಡಿದೆ. ಸಂಜೆ ನೋಡಿದರೆ ಮತ್ತೆ ಕಡ್ಡಿ. ಒಂದೇ ಚೈನು, ಒಂದೇ ಸ್ಕ್ರೂ. ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು. ನನಗೆ ತಲೆ ಕೆಟ್ಟುಹೋಗಿದೆ.

ಮನೆಯಲ್ಲಿ ಯಾರೋ ಕೈಯಾಡಿಸುತ್ತಿದ್ದಾರೆ ಎಂದು ಅನುಮಾನ ಬಂದು ಸುಭದ್ರಳನ್ನು ಕೇಳಿದೆ. ಅವಳು ಸೌಟು ಕೆಳಗಿಟ್ಟು, “ನಲವತ್ತು ವರ್ಷದಿಂದ ನಿಮ್ಮನ್ನೇ ಸರಿ ಮಾಡಕ್ಕಾಗ್ಲಿಲ್ಲ, ಇನ್ನ ಆ ಸ್ಕ್ರೂ ಸರಿ ಮಾಡಕ್ಕೆ ಹೋಗ್ತೀನಾ” ಅಂದಳು. ಆಮೇಲೆ ಅವಳೇ ನಿನ್ನ ಮಾತು ತೆಗೆದಳು. ರಂಗಣ್ಣ ಊಟ ಹೇಗೆ ಮಾಡ್ತಾರಂತೆ, ನುಂಗಕ್ಕಾಗತ್ತಂತಾ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದಕ್ಕೆ ನಾಚಿಕೆಯಾಯಿತು. ಆಗುತ್ತದೆ ಅಂದೆ.

ಆಗುತ್ತದಾ?

ಬಸ್ಸು ಹತ್ತಿದರೆ ಅರ್ಧ ಗಂಟೆ. ಮಲವಗೊಪ್ಪ ದಾಟಿದರೆ ನಿನ್ನೂರು ಬಂದೇ ಬಿಟ್ಟಿತು. ಇಷ್ಟು ದೂರಕ್ಕೆ ಕಾಗದ ಹಾಕಿಕೊಂಡು ಕೂತಿದ್ದೇವೆ, ಅಕ್ಕಪಕ್ಕದ ಮನೆಯವರು ನಾಯಿಯ ಕೊರಳಿಗೆ ಚೀಟಿ ಕಟ್ಟಿ ಕಳಿಸಿದ ಹಾಗೆ. ಬಾ ಎನ್ನುವುದಿಲ್ಲ. ನಾನು ಬಂದರೆ ಬಾಗಿಲು ತೆಗೆಯುತ್ತೀಯಾ, ಅದಾದರೂ ಹೇಳು.

ಓಂಕಾರಪ್ಪ


ಶಿವಮೊಗ್ಗ
8-10-2025

ರಂಗಪ್ಪನಿಗೆ,

ಉತ್ತರ ಇಲ್ಲ. ಹಬ್ಬ ಬಂತು, ಹೋಯಿತು. ಗಿರಣಿಗೆ, ಗಾಡಿಗೆ ಕುಂಬಳಕಾಯಿ ಒಡೆದೆ. ಕುಯ್ಯ್ ಹಾಗೇ ಇದೆ.

ನಿನ್ನೆ ಭದ್ರಾವತಿಗೆ ಬಂದಿದ್ದೆ. ಬಸ್ಸಿನಲ್ಲಿ. ಕುಯ್ಯ್ ಅನ್ನುವ ಗಾಡಿಯನ್ನು ನಿನ್ನ ಕಿವಿಗೆ ತರಲು ಮನಸ್ಸಾಗಲಿಲ್ಲ. ನಿನ್ನ ಮನೆಗೆ ಬರಲಿಲ್ಲ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಆ ತಮಿಳಿನವನು ಗುರುತು ಹಿಡಿದು ಕೇಳದೆಯೇ ಸಕ್ಕರೆ ಕಡಿಮೆ ಹಾಕಿ ಕೊಟ್ಟ.

ನೀನು ಹೊರಗೆ ಬಂದೆ. ಟವೆಲನ್ನು ಗದ್ದದವರೆಗೆ ಸುತ್ತಿಕೊಂಡಿದ್ದೆ. ಗೇಟಿಗೆ ತೂಗುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ಟು ತೆಗೆದು ಕೈಯಲ್ಲಿ ಹಿಡಿದೆ. ಸಣ್ಣಗಾಗಿದ್ದೀಯ. ಆಗ ಬೀದಿಯಲ್ಲಿ ಸೈಕಲ್ಲಿನವನೊಬ್ಬ ನಿಂತು ನಿನ್ನನ್ನು ಕೂಗಿದ. ಏನು ಕೂಗಿದ ಕೇಳಿಸಲಿಲ್ಲ, ಬಹಳ ಗಟ್ಟಿಯಾಗಿ ಕೂಗಿದ. ನೀನು ಪ್ಯಾಕೆಟ್ಟನ್ನು ಗೇಟಿನ ಕಂಬದ ಮೇಲೆ ಇಟ್ಟು ಒಳಗೆ ಹೋಗಿಬಿಟ್ಟೆ. ಆ ಪ್ಯಾಕೆಟ್ಟು ಬಿಸಿಲಿನಲ್ಲಿ ಹಾಗೇ ಇತ್ತು. ಕಾಳಮ್ಮ ಬಂದು ತೆಗೆದುಕೊಂಡು ಹೋಗುವವರೆಗೂ ನಾನು ಅದನ್ನೇ ನೋಡುತ್ತಾ ಕೂತಿದ್ದೆ.

ಎದ್ದು ಬರಬಹುದಿತ್ತು. ರಸ್ತೆ ದಾಟಿದರೆ ನಿನ್ನ ಗೇಟು. ಯಾಕೆ ಏಳಲಿಲ್ಲ ಎಂದು ಬಸ್ಸಿನಲ್ಲಿ ಉದ್ದಕ್ಕೂ ಯೋಚಿಸಿದೆ.

ಚೈನಿನ ವಿಷಯ ಹೇಳುವುದಿದ್ದರೆ ಹೇಳು. ಹಾಲು ಯಾಕೆ ಬಿಟ್ಟೆ ಅದನ್ನೂ ಹೇಳು. ಆ ಸೈಕಲ್ಲಿನವನು ನಿನಗೆ ಏನಾದರೂ ಅಂದನಾ? ಅಂದಿದ್ದರೆ ಹೇಳು, ನಾನು ಬಂದು ವಿಚಾರಿಸುತ್ತೇನೆ.

ಓಂಕಾರಪ್ಪ


ಭದ್ರಾವತಿ
24-10-2025

ಓಂಕಾರ,

ನೀನು ಟೀ ಅಂಗಡಿಯಲ್ಲಿ ಕೂತಿದ್ದದ್ದು ನನಗೂ ಕಂಡಿತ್ತು.

ಮೊದಲು ಚೈನು. ಯಾವ ಚೈನೂ ಉದ್ದಕ್ಕೂ ಒಂದೇ ಸಮ ಸವೆಯುವುದಿಲ್ಲ. ಒಂದು ಕಡೆ ಹೆಚ್ಚು ಎಳೆದಿರುತ್ತದೆ, ಒಂದು ಕಡೆ ಕಡಿಮೆ. ಅದು ತಿರುಗುವಾಗ ಒಂದು ಜಾಗದಲ್ಲಿ ಬಿಗಿ, ಇನ್ನೊಂದು ಜಾಗದಲ್ಲಿ ಸಡಿಲ. ನೀನು ಪ್ರತಿ ಸಲ ಬಿಚ್ಚಿದಾಗ ಅದು ಬೇರೆ ಬೇರೆ ಜಾಗದಲ್ಲಿ ನಿಂತಿರುತ್ತದೆ. ಸಡಿಲ ಜಾಗದಲ್ಲಿ ಅಳತೆ ಮಾಡಿದೆ, ಬಿಗಿ ಜಾಗ ಬಂದಾಗ ಅದು ಕುಯ್ಯ್ ಅಂದಿತು. ಸುಭದ್ರಮ್ಮನ ತಪ್ಪಿಲ್ಲ, ಅವಳ ಹತ್ತಿರ ಕ್ಷಮೆ ಕೇಳು.

ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕು. ಸ್ಪಾರ್ಕ್ ಪ್ಲಗ್ ಬಿಚ್ಚು. ಟಾಪ್ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸು, ಒಳಗಿನ ಚೈನು ತಿರುಗುತ್ತದೆ. ತಿರುಗಿಸುತ್ತಾ, ನಿಲ್ಲಿಸುತ್ತಾ, ಮೇಲಿನ ಸಾಲನ್ನು ಒತ್ತಿ ನೋಡುತ್ತಾ ಹೋಗು. ಎಲ್ಲಕ್ಕಿಂತ ಬಿಗಿ ಇರುವ ಜಾಗ ಸಿಕ್ಕಿದಾಗ ನಿಲ್ಲಿಸು. ಆ ಜಾಗಕ್ಕೆ ಕಾಲಿಂಚು ಕೊಡು. ಉಳಿದ ಕಡೆ ಇನ್ನೂ ಸಡಿಲ ಇರುತ್ತದೆ, ಇರಲಿ ಬಿಡು.

ಇನ್ನು ನೀನು ಕೇಳಿದ್ದು. ಊಟ ಆಗುತ್ತದೆ, ನಿಧಾನಕ್ಕೆ. ಸೈಕಲ್ಲಿನವನು ಏನೂ ಅನ್ನಲಿಲ್ಲ. ಕಾರ್ಖಾನೆಯಲ್ಲಿ ನಮ್ಮ ಶಾಪಿನಲ್ಲೇ ಇದ್ದವನು, ಒಳ್ಳೆಯವನು. “ಊಟ ಆಯ್ತಾ ರಂಗಣ್ಣಾ” ಅಂದ. ನನಗೆ ಕಿವಿ ಕೇಳಿಸದು ಎನ್ನುವ ಹಾಗೆ ಕಿರುಚಿದ. ಎಲ್ಲರೂ ಹಾಗೇ. ಮಾತು ಬಾರದವನಿಗೆ ಕಿವಿಯೂ ಇರುವುದಿಲ್ಲ ಎಂದು ಅವರ ಲೆಕ್ಕ. ಇಲ್ಲದಿದ್ದರೆ ನಾನು ಪಕ್ಕದಲ್ಲಿ ನಿಂತಿದ್ದರೂ ಕಾಳಮ್ಮನನ್ನು ಕೇಳುತ್ತಾರೆ, ಇವರಿಗೆ ಹೇಗಿದೆ ಈಗ ಎಂದು. ನಾನು ಅಲ್ಲೇ ಇದ್ದೇನೆ. ಆ ದಿನ ಕೈಯಲ್ಲಿ ಹಾಲು ಇತ್ತು, ಕೈ ಬೀಸಿ ಉತ್ತರ ಕೊಡಲು ಪ್ಯಾಕೆಟ್ಟು ಇಟ್ಟೆ. ಇಟ್ಟ ಮೇಲೆ ಕೈ ಏಳಲಿಲ್ಲ.

ಗಾಡಿ ಯಾಕೆ ಕಳಿಸಿದೆ ಎಂದು ಆಗಸ್ಟಿನಿಂದ ಕೇಳುತ್ತಿದ್ದೀಯ. ಇದನ್ನು ಬರೆಯಬಾರದು ಎಂದಿದ್ದೆ. ಟೆನ್ಷನರ್ ಹಾಕಲು ನಾನೇ ಕೂತೆ. ಮುಚ್ಚಳದ ನಡುವಿನ ನಟ್ ಬಿಗಿಯಿತ್ತು. ನೀನು ಬಿಗಿದ ನಟ್, ನೀನು ಯಾವುದನ್ನೂ ಅಳತೆಯಲ್ಲಿ ಬಿಗಿದವನಲ್ಲ. ಸ್ಪ್ಯಾನರ್ ಹಾಕಿ ಎಳೆದೆ. ಬಲವೇ ಬರಲಿಲ್ಲ. ಮತ್ತೆ ಎಳೆದೆ. ಕಾಯಿಲೆಯ ನಿತ್ರಾಣ ಅಂದುಕೊಂಡೆ. ಅದಲ್ಲ. ಬಿಗಿ ನಟ್ ಬಿಚ್ಚುವಾಗ ಮನುಷ್ಯ ಉಸಿರು ಕಟ್ಟಿ ಹಿಡಿಯುತ್ತಾನೆ, ಓಂಕಾರ. ಎದೆಯಲ್ಲಿ ಗಾಳಿ ಹಿಡಿದಿಟ್ಟರೆ ಮಾತ್ರ ತೋಳಿಗೆ ಬಲ ಬರುವುದು. ಅರವತ್ತೇಳು ವರ್ಷ ಅದನ್ನು ಮಾಡುತ್ತಿದ್ದೇನೆ ಎಂದೇ ನನಗೆ ಗೊತ್ತಿರಲಿಲ್ಲ. ಈಗ ಹಿಡಿಯಲು ಬಾಗಿಲು ಇಲ್ಲ. ಒತ್ತಿದ ಕೂಡಲೇ ಗಾಳಿಯೆಲ್ಲ ಕತ್ತಿನ ತೂತಿನಿಂದ ಹೊರಗೆ ಹೋಗುತ್ತದೆ. ಆನಂದನನ್ನು ಕರೆದು ನಟ್ ಬಿಚ್ಚಿಸಿದೆ. ಆಮೇಲೆ ಅವನು ಆಚೆ ಹೋದಾಗ ಗಾಡಿಯ ಪಕ್ಕ ನಿಂತು ಸುಮ್ಮನೆ ಕಿಕ್ಕರ್ ಮೇಲೆ ಕಾಲಿಟ್ಟು ನೋಡಿದೆ. ಅರ್ಧಕ್ಕೂ ಇಳಿಯಲಿಲ್ಲ. ಕಿಕ್ ಹೊಡೆಯಲಾಗದವನು ಬುಲೆಟ್ ಇಟ್ಟುಕೊಂಡು ಏನು ಮಾಡುತ್ತಾನೆ? ದಿನಾ ಅದರ ಮುಖ ನೋಡಬೇಕಲ್ಲ ಎಂದು ಕಳಿಸಿಬಿಟ್ಟೆ.

ಅಷ್ಟೇ ವಿಷಯ. ಯಾರಿಗೂ ಹೇಳಬೇಡ. ಗಾಡಿ ಚೆನ್ನಾಗಿ ನೋಡಿಕೋ.

ರಂಗ


ಶಿವಮೊಗ್ಗ
16-11-2025

ರಂಗಪ್ಪನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು.

ಚೈನು ಸರಿಹೋಯಿತು. ನೀನು ಹೇಳಿದ ಹಾಗೆ ಪ್ಲಗ್ ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಗಾಲಿ ತಿರುಗಿಸುತ್ತಾ ಬಿಗಿ ಜಾಗ ಹುಡುಕಿದೆ. ಸಿಕ್ಕಿತು. ಅಲ್ಲಿಗೆ ಕಾಲಿಂಚು ಬಿಟ್ಟೆ. ಉಳಿದ ಕಡೆ ನೇತಾಡುವುದನ್ನು ನೋಡಿ ಕೈ ತುರಿಸಿತು, ಆದರೂ ಮುಚ್ಚಿದೆ. ಗಾಜನೂರಿಗೆ ಹೋಗಿ, ಡ್ಯಾಮಿನ ಹತ್ತಿರ ಎಂಜಿನ್ ಆರಿಸದೆ ನಿಲ್ಲಿಸಿ ಕೇಳಿದೆ. ಕುಯ್ಯ್ ಇಲ್ಲ. ಎಣ್ಣೆ ಸೋರಿಲ್ಲ. ಸುಭದ್ರಳ ಹತ್ತಿರ ಕ್ಷಮೆ ಕೇಳಲಿಲ್ಲ, ಮಾರುಕಟ್ಟೆಗೆ ಗಾಡಿಯಲ್ಲಿ ಕರೆದುಕೊಂಡು ಹೋದೆ, ಅದೇ ಕ್ಷಮೆ.

ಯಾರಿಗೂ ಹೇಳಬೇಡ ಎಂದಿದ್ದೀಯ. ಹೇಳಿಲ್ಲ. ಆದರೆ ನೀನು ಬರೆದದ್ದು ನನಗೆ ಮೊದಲು ನಂಬಿಕೆಯಾಗಲಿಲ್ಲ. ಉಸಿರಿಗೂ ತೋಳಿಗೂ ಏನು ಸಂಬಂಧ? ಗಿರಣಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ರಾಗಿ ಚೀಲದ ಮುಂದೆ ನಿಂತು, ಬಾಯಿ ಅಗಲ ತೆರೆದು, ಹಾ ಎಂದು ಉಸಿರು ಬಿಡುತ್ತಲೇ ಎತ್ತಲು ನೋಡಿದೆ. ದಿನಾ ಎತ್ತುವ ಚೀಲ. ಮೊಣಕಾಲಿನವರೆಗೆ ಬಂದು ಪಾದದ ಮೇಲೆ ಬಿತ್ತು. ಮತ್ತೆ ನೋಡಿದೆ. ಆಗಲಿಲ್ಲ. ಸುಭದ್ರ ಬಾಗಿಲಲ್ಲಿ ನಿಂತು, “ಯಾರಿಗೆ ಹಾ ಅಂತಿದೀರಿ” ಅಂದಳು. ಚೀಲದ ಮೇಲೆ ಕೂತುಬಿಟ್ಟೆ. ಕಾಲಿನ ನೋವಿಗೆ ಎಂದು ಅವಳಿಗೆ ಹೇಳಿದೆ.

ಆಗಸ್ಟಿನಿಂದ ನಡೆದದ್ದರಲ್ಲಿ ನನಗೆ ನೆಟ್ಟಗೆ ಅರ್ಥವಾದದ್ದು ಇದೊಂದೇ. ಉಳಿದದ್ದು ಈಗಲೂ ಗೊಂದಲ. ಕಿಕ್ ಹೊಡೆಯಲಾಗದವನು ಗಾಡಿಯ ಯಜಮಾನನಲ್ಲ ಎಂದು ನಿನಗೆ ಯಾರು ಹೇಳಿದರು? ನಾನು ಗಿರಣಿಯ ಯಜಮಾನ. ಕರೆಂಟು ಹೋದರೆ ನಾನೇನು ಕಲ್ಲನ್ನು ಕೈಯಲ್ಲಿ ತಿರುಗಿಸುತ್ತೇನಾ? ಕಿಕ್ಕಿಗೆ ಉಸಿರು ಕಟ್ಟಬೇಕು, ನಟ್ಟಿಗೆ ಕಟ್ಟಬೇಕು, ಸರಿ. ಹ್ಯಾಂಡಲ್ ಹಿಡಿಯಲು ಏನು ಕಟ್ಟಬೇಕು? ಕ್ಲಚ್ ಈಗ ಎರಡು ಬೆರಳಿಗೆ ಬರುತ್ತದೆ. ಆಕ್ಸಿಲರೇಟರ್ ನೀನೇ ಎಣ್ಣೆ ಬಿಟ್ಟು ಇಟ್ಟದ್ದು. ಕಿಕ್ ನನ್ನದು, ನಟ್ ನನ್ನದು, ಓಡಿಸುವುದು ನಿನ್ನದು. ನನಗೂ ಒಂದು ವರ್ಷದಿಂದ ಎಡಗಣ್ಣು ಮಂಜಾಗಿದೆ, ಎದುರು ಬರುವ ಬಸ್ಸು ಹತ್ತಿರ ಬಂದ ಮೇಲೆ ಕಾಣುತ್ತದೆ. ಗಾಜನೂರಿನಿಂದ ವಾಪಸು ಬರುವಾಗ ಒಂದು ಟ್ರ್ಯಾಕ್ಟರು ನನ್ನ ಮೈ ಸವರಿಕೊಂಡು ಹೋಯಿತು. ಇದನ್ನೂ ಯಾರಿಗೂ ಹೇಳಬೇಡ.

ಕತ್ತಿನ ತೂತಿಗೆ ಧೂಳು ಹೋಗುತ್ತದೆ ಎನ್ನುವ ಮಾತು ತೆಗೆಯಬೇಡ. ಕತ್ತಿಗೆ ಕಟ್ಟುವ ತೆಳು ಬಟ್ಟೆ ಹೇಗಿರಬೇಕು ಎಂದು ಸುಭದ್ರ ಕಾಳಮ್ಮನ ಹತ್ತಿರ ಫೋನಿನಲ್ಲಿ ಕೇಳಿ ಹೊಲಿದಿಟ್ಟಿದ್ದಾಳೆ. ಹಳೇ ಪಂಚೆಯದು, ಮೆತ್ತಗಿದೆ. ದಾರಿಯಲ್ಲಿ ಯಾರಾದರೂ ನಿನಗೆ ಕಿರುಚಿದರೆ ಹಿಂದಿನಿಂದ ನಾನು ಅವರಿಗೆ ಕಿರುಚುತ್ತೇನೆ. ನನ್ನ ಗಂಟಲು ಚೆನ್ನಾಗಿದೆ. ಎಲ್ಲಿಗೆ ಹೋಗಬೇಕು ಎಂದು ನಾನು ಕೇಳುವುದಿಲ್ಲ. ಮುಂದೆ ಕೂತವನು ಕರೆದುಕೊಂಡು ಹೋದಲ್ಲಿಗೆ ಹಿಂದೆ ಕೂತವನು ಹೋಗಬೇಕು.

ಇದೇ 30ನೇ ತಾರೀಖು ಭಾನುವಾರ ಬೆಳಿಗ್ಗೆ ನಿನ್ನ ಗೇಟಿನ ಮುಂದೆ ಬರುತ್ತೇನೆ. ಬಾಗಿಲು ತಟ್ಟುವುದಿಲ್ಲ, ಕಾಳಮ್ಮನಿಂದ ಸುಳ್ಳು ಹೇಳಿಸುವುದು ಬೇಡ. ಗಾಡಿಗೆ ಸ್ಟ್ಯಾಂಡ್ ಹಾಕಿ ಹಿಂದಿನ ಸೀಟಿನಲ್ಲಿ ಕೂತಿರುತ್ತೇನೆ. ಮುಂದಿನ ಸೀಟು ಖಾಲಿ ಇರುತ್ತದೆ. ಖಾಲಿ ಸೀಟಿನ ಹಿಂದೆ ಕೂತ ಮುದುಕನನ್ನು ನೋಡಿ ನಿಮ್ಮ ಕಾಲೋನಿಯವರೆಲ್ಲ ನಗುತ್ತಾರೆ. ಮಧ್ಯಾಹ್ನದವರೆಗೂ ನಗಿಸಿಕೊಳ್ಳಲು ನಾನು ತಯಾರಿದ್ದೇನೆ. ಆದರೆ ಬರುತ್ತೀಯೋ ಇಲ್ಲವೋ ಮೊದಲೇ ಗೊತ್ತಿದ್ದರೆ ಊಟ ಕಟ್ಟಿಕೊಳ್ಳಬೇಕೋ ಬೇಡವೋ ಎಂದು ತಿಳಿಯುತ್ತದೆ.

ಚೈನಿನ ವಿಷಯ ಬರೆಯಬೇಡ. ನನ್ನ ಅಕ್ಷರದ ವಿಷಯ ಬರೆಯಬೇಡ. ಬರುತ್ತೇನೆ, ಇಲ್ಲ ಬರುವುದಿಲ್ಲ, ಎರಡರಲ್ಲಿ ಒಂದು ಬರಿ. 26ನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಓಂಕಾರಪ್ಪ